ಬೆಳಗ್ಗೆ ಬಲ, ಸಂಜೆಗೆ ಸೋಲು: ಕಾಫಿ ತೋಟದ ಕೆಲಸಗಾರ್ತಿಯೊಬ್ಬರ ಪ್ರಕರಣ

ರೋಗಿ 34 ವರ್ಷದ ಹೆಣ್ಣುಮಗಳು. ಸಕಲೇಶಪುರ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ವಾಸ. ಇಬ್ಬರು ಮಕ್ಕಳು. ಗಂಡನೂ ಅದೇ ತೋಟದಲ್ಲಿ ಕೆಲಸ ಮಾಡುತ್ತಾರೆ. ಗುರುತು ಸಿಗುವಂಥ ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಜನವರಿ ಕೊನೆಯ ವಾರ, ರೋಬಸ್ಟಾ ಕೊಯ್ಲು ಜೋರಾಗಿದ್ದಾಗ ಅತ್ತೆ ಅವರನ್ನು ಕರೆದುಕೊಂಡು ಬಂದರು. ದೂರು ಹೇಳಿದ್ದೂ ಅತ್ತೆಯೇ. "ಬೆಳಗ್ಗೆ ಚೆನ್ನಾಗೇ ಇರ್ತಾಳೆ ಡಾಕ್ಟ್ರಮ್ಮ. ಊಟ ಆದ್ಮೇಲೆ ಕೈ ಎತ್ತೋಕೇ ಆಗಲ್ಲ ಅಂತಾಳೆ. ಮೇಸ್ತ್ರಿ ಮೈಗಳ್ಳಿ ಅಂತ ಬೈತಾನೆ. ನನ್ನ ಸೊಸೆ ಮೈಗಳ್ಳಿ ಅಲ್ಲ."

ತೊಂದರೆ ಶುರುವಾಗಿ ನಾಲ್ಕೈದು ತಿಂಗಳಾಗಿತ್ತು. ಮೊದಲು ಬಲಗಣ್ಣಿನ ರೆಪ್ಪೆ ಸಂಜೆ ಹೊತ್ತು ಇಳಿಯುತ್ತಿತ್ತು. ನಿದ್ದೆ ಸಾಲದು ಅಂದುಕೊಂಡರು. ಆಮೇಲೆ ರಾತ್ರಿ ಬಸ್ಸಿನಲ್ಲಿ ಬರುವಾಗ ಎದುರಿನ ಗಾಡಿಯ ಎರಡು ದೀಪ ನಾಲ್ಕಾಗಿ ಕಾಣತೊಡಗಿದವು. ನವೆಂಬರ್ ಹೊತ್ತಿಗೆ ತಲೆ ಬಾಚುವಾಗ ಕೈ ಸೋಲುತ್ತಿತ್ತು. ರಾತ್ರಿ ಅಕ್ಕಿ ರೊಟ್ಟಿ ಅರ್ಧ ತಿನ್ನುವಷ್ಟರಲ್ಲಿ ದವಡೆ ಸುಸ್ತಾಗಿ, ಗಲ್ಲಕ್ಕೆ ಕೈ ಕೊಟ್ಟು ಅಗಿಯುತ್ತಿದ್ದರು. ಎಲ್ಲೂ ನೋವಿಲ್ಲ. ಜೋಮಿಲ್ಲ.

ಅಷ್ಟರಲ್ಲಿ ಬೇರೆ ಬೇರೆ ಕಡೆ ತೋರಿಸಿ ಆಗಿತ್ತು. ರಕ್ತ ಸ್ವಲ್ಪ ಕಡಿಮೆ ಅಂತ ಕಬ್ಬಿಣದ ಮಾತ್ರೆ, ವೀಕ್ನೆಸ್ ಅಂತ ಬಿ12 ಇಂಜೆಕ್ಷನ್. ಒಂದು ಸಲ ಕೆಮ್ಮು ಜ್ವರ ಬಂದಾಗ ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ಆ ವಾರ ಮಾತು ಮೂಗಿನಿಂದ ಬರತೊಡಗಿತ್ತು, ನೀರು ಕುಡಿದರೆ ಮೂಗಿಗೆ ಹತ್ತುತ್ತಿತ್ತು. ಜ್ವರದ ಸುಸ್ತು ಅಂತ ಯಾರೂ ಅದಕ್ಕೆ ಗಮನ ಕೊಡಲಿಲ್ಲ.

ತೂಕದ ಪುಸ್ತಕ

ಕೊಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿ. ಆ ತೋಟದಲ್ಲಿ ದಿನಕ್ಕೆ ಎರಡು ಸಲ ಹಣ್ಣು ತೂಗುತ್ತಾರೆ, ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಸಲ, ಸಂಜೆ ಒಂದು ಸಲ. ರೈಟರ್ ಅದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೂಲಿ ಕಡಿಮೆ ಬಂದಿದೆ ಅಂತ ಜಗಳ ಆಗಿದ್ದರಿಂದ ಗಂಡ ಆ ಪುಟಗಳ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದರು. ನನಗೆ ಆವತ್ತು ಸಿಕ್ಕ ಅತಿ ಮುಖ್ಯ ದಾಖಲೆ ಅದೇ.

ಮಧ್ಯಾಹ್ನದ ತೂಕ ಪಕ್ಕದ ಸಾಲಿನ ಹೆಂಗಸರ ಸಮಕ್ಕೇ ಇತ್ತು. ಸಂಜೆಯ ತೂಕ ಅರ್ಧಕ್ಕೂ ಕಡಿಮೆ. ಒಂದು ದಿನ ಅಲ್ಲ, ಸಾಲಾಗಿ ಎಲ್ಲ ದಿನವೂ ಹಾಗೇ. ಸಂತೆ ದಿನದ ರಜೆ ಮುಗಿಸಿ ಬಂದ ಮರುದಿನ ಮಾತ್ರ ಸಂಜೆಯ ತೂಕವೂ ಸ್ವಲ್ಪ ಏರಿತ್ತು.

ಕೆಲಸ ಕದಿಯುವವರ ಲೆಕ್ಕ ಹೀಗೆ ಬರುವುದಿಲ್ಲ. ರಕ್ತ ಕಡಿಮೆ ಇದ್ದವರಿಗೆ ಬೆಳಗ್ಗೆಯೂ ಏದುಸಿರು ಬರುತ್ತದೆ. ಇಲ್ಲಿ ಬಲ ದಿನವೂ ಪೂರ್ತಿ ಬರುತ್ತಿದೆ, ಮಾಡಿದ್ದನ್ನೇ ಮಾಡುತ್ತಾ ಹೋದಾಗ ಕಳೆಯುತ್ತಿದೆ, ವಿಶ್ರಾಂತಿ ಕೊಟ್ಟರೆ ಮತ್ತೆ ಬರುತ್ತಿದೆ.

ಇನ್ನೊಂದು ವಿಷಯ ಅವರೇ ಹೇಳಿದರು. ಕಾಫಿ ಬಿಡಿಸುವ ಬೆರಳು ಅಷ್ಟಾಗಿ ಸೋಲುತ್ತಿರಲಿಲ್ಲ. ರೋಬಸ್ಟಾ ಗಿಡ ಎತ್ತರ. ಏಣಿ ಹತ್ತಿ, ಕೊಂಬೆ ಬಗ್ಗಿಸಿ ಹಿಡಿಯುವ ತೋಳು, ಭುಜ ಸೋಲುತ್ತಿತ್ತು. ಈ ಮಾತು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಪರೀಕ್ಷೆ

ಅವರು ಬಂದದ್ದು ಬೆಳಗ್ಗೆ ಹತ್ತು ಗಂಟೆಗೆ. ಭುಜ ಎತ್ತಿಸಿ, ಒಂದು ಸಲ ಕೆಳಕ್ಕೆ ಒತ್ತಿ ನೋಡಿದರೆ ಬಲ ಪೂರ್ತಿ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಕೇಸ್ ಪೇಪರಿನಲ್ಲಿ 'ಬಲ ಸರಿಯಾಗಿದೆ' ಎಂದೇ ಬರೆಯಬೇಕಾಗುತ್ತಿತ್ತು. ಎರಡೂ ತೋಳನ್ನು ಭುಜದ ಮಟ್ಟಕ್ಕೆ ಇಪ್ಪತ್ತು ಸಲ ಎತ್ತಿ ಇಳಿಸಲು ಹೇಳಿದೆ. ಹದಿನಾಲ್ಕನೆಯದಕ್ಕೆ ನಿಧಾನವಾದರು. ಇಪ್ಪತ್ತು ಮುಗಿದ ಮೇಲೆ ಒತ್ತಿದರೆ ನನ್ನ ಎರಡು ಬೆರಳಿಗೇ ತೋಳು ಇಳಿಯಿತು. ಐದು ನಿಮಿಷ ಕೂರಿಸಿ ಮತ್ತೆ ನೋಡಿದೆ, ಬಲ ಮುಕ್ಕಾಲು ಪಾಲು ವಾಪಸ್ ಬಂದಿತ್ತು.

ತಲೆ ಅಲ್ಲಾಡಿಸದೆ ಮೇಲಿನ ಫ್ಯಾನನ್ನೇ ನೋಡುತ್ತಿರಿ ಅಂದೆ. ನಲವತ್ತು ಸೆಕೆಂಡಿಗೆ ಬಲ ರೆಪ್ಪೆ ಇಳಿದು ಕಣ್ಣುಗುಡ್ಡೆಯ ಅರ್ಧ ಮುಚ್ಚಿತು. ರೆಪ್ಪೆಗಳ ನಡುವಿನ ಅಂತರ 5 ಮಿ.ಮೀ. ಕಣ್ಣು ಮುಚ್ಚಿ ಎರಡು ನಿಮಿಷ ಸುಮ್ನೆ ಕೂತ ಮೇಲೆ 6. ಮತ್ತೆ ಅಷ್ಟೇ ಹೊತ್ತು ಮೇಲೆ ನೋಡಿಸಿ, ಲಸಿಕೆ ಡಬ್ಬಿಯ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಎರಡು ನಿಮಿಷ ರೆಪ್ಪೆ ಮೇಲೆ ಇಟ್ಟಾಗ 9. ಈ ಪರೀಕ್ಷೆಯಲ್ಲಿ 2 ಮಿ.ಮೀ. ಏರಿದರೂ ಅದಕ್ಕೆ ಅರ್ಥ ಇದೆ. ಬರೀ ವಿಶ್ರಾಂತಿಯಿಂದಲೂ ರೆಪ್ಪೆ ಸ್ವಲ್ಪ ಏರುವುದರಿಂದ ಎರಡನ್ನೂ ಬೇರೆ ಬೇರೆ ಅಳೆಯುವುದು ಒಳ್ಳೆಯದು.

ಕಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಕಿರಿದಾಗುತ್ತಿತ್ತು. ಸ್ಪರ್ಶ ಸರಿ ಇತ್ತು, ಮಂಡಿಯ ಸುತ್ತಿಗೆ ಪರೀಕ್ಷೆಯೂ ಸರಿ ಇತ್ತು. ಮಲಗಿ ತಲೆ ಎತ್ತುವ ಕುತ್ತಿಗೆಯ ಬಲ ಕಡಿಮೆ. ಉಸಿರಾಟದ ಸ್ನಾಯುಗಳ ಬಲ ತಿಳಿಯಲು ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದಾಗ 31ರ ತನಕ ಬಂದರು. ಇದು ಇಪ್ಪತ್ತರ ಕೆಳಗೆ ಇಳಿದಿದ್ದರೆ ಅವರನ್ನು ಆವತ್ತೇ ಐಸಿಯು ಇರುವ ಆಸ್ಪತ್ರೆಗೆ ಕಳಿಸುತ್ತಿದ್ದೆ.

ಮಲೆನಾಡಿನಲ್ಲಿ ರೆಪ್ಪೆ ಇಳಿದ ರೋಗಿ ಬಂದರೆ ಮೊದಲು ಮನಸ್ಸಿಗೆ ಬರುವುದು ಹಾವು. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚಿದರೆ ಗಾಯವೂ ಕಾಣುವುದಿಲ್ಲ, ಬೆಳಗ್ಗೆ ಕಣ್ಣು ಬಿಡಲು ಆಗುವುದಿಲ್ಲ. ಆದರೆ ಅದು ಗಂಟೆಗಳ ಲೆಕ್ಕದ ಕಥೆ, ತಿಂಗಳುಗಟ್ಟಲೆ ಏರಿಳಿಯುವುದಿಲ್ಲ. ತೋಟದಲ್ಲಿ ಹೊಡೆಯುವ ಕೀಟನಾಶಕದ ಬಗ್ಗೆ ಗಂಡನಿಗೆ ಅನುಮಾನವಿತ್ತು. ಸಹಜವಾದ ಅನುಮಾನವೇ. ಆದರೆ ಪಾಪೆ ಸೂಜಿಮೊನೆಯಷ್ಟಾಗಿರಲಿಲ್ಲ. ಬೆವರು, ಜೊಲ್ಲು, ಸ್ನಾಯುಗಳ ಅದುರುವಿಕೆ, ಯಾವುದೂ ಇರಲಿಲ್ಲ. ಲಕ್ವ ಹೀಗೆ ಬೆಳಗ್ಗೆ ಹೋಗಿ ಸಂಜೆ ಬರುವುದಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಸರಿ ಇತ್ತು. ಉಳಿದದ್ದು ಮಯಸ್ತೇನಿಯಾ ಗ್ರೇವಿಸ್, ಬಳಸಿದಷ್ಟೂ ಸ್ನಾಯು ಸೋಲುವ ಕಾಯಿಲೆ.

ಸರಿ ಇದೆ ಎಂದ ಮೊದಲ ವರದಿ

ಅವರ ಫೈಲಿನಲ್ಲಿ ಡಿಸೆಂಬರಿನ ಒಂದು ವರದಿ ಆಗಲೇ ಇತ್ತು. ನರಕ್ಕೆ ಮತ್ತೆ ಮತ್ತೆ ಕರೆಂಟಿನ ಮಿಡಿತ ಕೊಟ್ಟು ಸ್ನಾಯುವಿನ ಪ್ರತಿಕ್ರಿಯೆ ಅಳೆಯುವ ಪರೀಕ್ಷೆ. ಕಿರುಬೆರಳಿನ ಬುಡದ ಸ್ನಾಯು, ಸೆಕೆಂಡಿಗೆ 3 ಮಿಡಿತ, ಒಟ್ಟು 10. ಮೊದಲ ಮತ್ತು ನಾಲ್ಕನೇ ಪ್ರತಿಕ್ರಿಯೆಯ ನಡುವೆ ಇಳಿತ ಶೇಕಡಾ 4. ಹತ್ತಕ್ಕಿಂತ ಜಾಸ್ತಿ ಇಳಿದರೆ ಮಾತ್ರ ದೋಷ ಅಂತ ಲೆಕ್ಕ. ಹಾಗಾಗಿ 'ಸರಿ ಇದೆ' ಎಂದು ಬರೆದಿತ್ತು. ಆ ಕಾಗದ ಮನೆಯಲ್ಲಿ ದೊಡ್ಡ ಕೆಲಸ ಮಾಡಿತ್ತು. ಮಿಷಿನ್ನೇ ಏನಿಲ್ಲ ಅಂದಿದೆ, ಇನ್ನೇನು ಅಂತ ಮೇಸ್ತ್ರಿಯ ಮಾತಿಗೆ ಬಲ ಬಂದಿತ್ತು.

ಆ ಪರೀಕ್ಷೆ ಏನನ್ನು ಹುಡುಕುತ್ತದೆ ಅಂತ ತಿಳಿಯಲು ಆರೋಗ್ಯವಾಗಿರುವ ಸ್ನಾಯು ಏನು ಮಾಡುತ್ತದೆ ಅಂತ ನೋಡಬೇಕು.

ಕೈಕಾಲಿನ ಸ್ನಾಯುವಿಗೆ ಒಂದು ಮಿಡಿತ ಕೊಟ್ಟರೆ ಅದು ಒಂದು ಸಲ ಸೆಳೆದು ಸಡಿಲವಾಗುತ್ತದೆ. ಈ ಸೆಳೆತಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿಯಬಹುದು. ಆದರೆ ಅದನ್ನು ಎಬ್ಬಿಸಿದ ವಿದ್ಯುತ್ ಅಲೆ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದಿರುತ್ತದೆ. ಹಾಗಾಗಿ ಸ್ನಾಯು ಸಡಿಲವಾಗುವ ಮೊದಲೇ ಎರಡನೇ ಮಿಡಿತ ಬಂದರೆ ಎರಡನೇ ಸೆಳೆತ ಮೊದಲನೆಯದರ ಮೇಲೆ ಕೂರುತ್ತದೆ, ಬಲ ಕೂಡುತ್ತದೆ. ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ನಡುಗುವ ಹಿಡಿತ. ವೇಗ ಏರಿಸುತ್ತಾ ಐವತ್ತರ ಹತ್ತಿರ ಹೋದರೆ ಹೆಚ್ಚಿನ ಸ್ನಾಯುಗಳಲ್ಲಿ ನಡುಕ ನಿಂತು ಒಂದೇ ಗಟ್ಟಿ ಬಿಗಿತ. ಆ ಬಿಗಿತದ ಬಲ ಒಂಟಿ ಸೆಳೆತದ ಕೆಲವು ಪಟ್ಟು ಇರುತ್ತದೆ. ಹೃದಯದ ಸ್ನಾಯು ಹೀಗೆ ಮಾಡಲಾರದು. ಅದರ ವಿದ್ಯುತ್ ಅಲೆಯೇ ಸೆಳೆತದಷ್ಟು ಉದ್ದ. ಅಷ್ಟು ಹೊತ್ತು ಅದು ಹೊಸ ಮಿಡಿತವನ್ನು ತೆಗೆದುಕೊಳ್ಳುವುದಿಲ್ಲ. ನಮ್ಮ ಪುಣ್ಯ ಅದು. ಇಲ್ಲದಿದ್ದರೆ ಹೃದಯ ಬಿಗಿದು ನಿಲ್ಲುತ್ತಿತ್ತು.

ಹಳೆಯ ಕಾಲದ ಮೆಡಿಕಲ್ ವಿದ್ಯಾರ್ಥಿಗಳು ಇದನ್ನೆಲ್ಲ ಕಪ್ಪೆಯ ಮೀನಖಂಡದ ಸ್ನಾಯುವಿನಲ್ಲಿ, ಹೊಗೆ ಹಿಡಿಸಿದ ಕಾಗದ ಸುತ್ತಿದ ತಿರುಗುವ ಡ್ರಮ್ಮಿನ ಮೇಲೆ ಗೆರೆ ಎಳೆಸಿ ನೋಡುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಕಪ್ಪೆಗಳಿಗೆ ಒಳ್ಳೆಯದಾಯಿತು.

ಮಿಡಿತ ನಿಲ್ಲಿಸದೆ ಕೊಡುತ್ತಾ ಹೋದರೆ ಆರೋಗ್ಯವಾದ ಸ್ನಾಯುವೂ ದಣಿಯುತ್ತದೆ. ಆ ದಣಿವಿಗೆ ಬಹುಪಾಲು ಕಾರಣ ಸ್ನಾಯುವಿನ ಎಳೆಯ ಒಳಗೇ ಇದೆ. ಶಕ್ತಿ ಖರ್ಚಾದ ಹಾಗೆ ಫಾಸ್ಫೇಟ್ ಶೇಖರವಾಗುತ್ತದೆ, ಸೆಳೆತಕ್ಕೆ ಬೇಕಾದ ಕ್ಯಾಲ್ಸಿಯಂ ಸರಿಯಾಗಿ ಹೊರಬರುವುದಿಲ್ಲ. ಎಲ್ಲದಕ್ಕೂ ಲ್ಯಾಕ್ಟಿಕ್ ಆಮ್ಲವೇ ಕಾರಣ ಅಂತ ಈಗಲೂ ಜಿಮ್ಮುಗಳಲ್ಲಿ ಹೇಳುತ್ತಾರೆ, ಅದು ಹಳೆಯ ತಿಳಿವಳಿಕೆ. ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಬೇರೆ. ಸೆಕೆಂಡಿಗೆ ಮೂರರಂತೆ ಹತ್ತು ಮಿಡಿತ ಕೊಟ್ಟರೆ ಆರೋಗ್ಯವಾದ ಸ್ನಾಯು ಹತ್ತಕ್ಕೂ ಸಮನಾದ ವಿದ್ಯುತ್ ಪ್ರತಿಕ್ರಿಯೆ ಕೊಡುತ್ತದೆ. ಇಡೀ ದಿನ ಕಾಫಿ ಕುಯ್ದು ಸುಸ್ತಾದ ಹೆಂಗಸಿನ ತೋಳೂ ಅಷ್ಟೇ.

ಈಗ ನರ ಬಂದು ಸ್ನಾಯುವಿಗೆ ಸೇರುವ ಜಾಗ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಇರುತ್ತದೆ. ಒಂದೊಂದರಲ್ಲೂ ಸಾವಿರಾರು ಅಣು. ಮಿಡಿತ ಬಂದಾಗ ಕೆಲವು ಹತ್ತು ಪೊಟ್ಟಣ ಒಡೆದು, ಅದರ ಅಣುಗಳು ಎದುರಿನ ಸ್ನಾಯುವಿನ ಮೇಲೆ ಅವನ್ನು ಹಿಡಿಯಲೆಂದೇ ಇರುವ ರಿಸೆಪ್ಟರ್‌ಗಳಿಗೆ ಅಂಟಿ, ಸ್ನಾಯುವನ್ನು ಎಬ್ಬಿಸುತ್ತವೆ. ಅಂಗಡಿಯ ಮುಂಗಟ್ಟೆಯಲ್ಲಿ ಸ್ವಲ್ಪ ಸಾಮಾನು, ಹಿಂದಿನ ಗೋದಾಮಿನಲ್ಲಿ ಜಾಸ್ತಿ ಇರುವ ಹಾಗೆ ನರದ ತುದಿಯಲ್ಲೂ ತಕ್ಷಣಕ್ಕೆ ಸಿಗುವ ಪೊಟ್ಟಣ ಕಡಿಮೆ, ಹಿಂದೆ ದಾಸ್ತಾನು ಜಾಸ್ತಿ. ಮೊದಲ ನಾಲ್ಕೈದು ಮಿಡಿತಕ್ಕೆ ಮುಂದಿನದು ಖಾಲಿಯಾಗುತ್ತಾ ಬರುತ್ತದೆ, ಆಮೇಲೆ ಹಿಂದಿನದು ಬಂದು ಸೇರುತ್ತದೆ. ಅಂದರೆ ಪ್ರತಿ ಮಿಡಿತಕ್ಕೂ ಬಿಡುಗಡೆಯಾಗುವ ಪ್ರಮಾಣ ಇಳಿಯುವುದು ಎಲ್ಲರಲ್ಲೂ ಇದ್ದದ್ದೇ. ಆದರೆ ಆರೋಗ್ಯವಂತರಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಬಿಡುಗಡೆಯಾಗುವುದರಿಂದ ಆ ಇಳಿತ ಸ್ನಾಯುವಿಗೆ ಗೊತ್ತೇ ಆಗುವುದಿಲ್ಲ.

ಮಯಸ್ತೇನಿಯಾದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ರಿಸೆಪ್ಟರ್‌ಗಳ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ. ರಿಸೆಪ್ಟರ್ ಕಡಿಮೆಯಾದಾಗ ಆ ಹೆಚ್ಚುವರಿ ಅಂತರವೇ ಹೊರಟುಹೋಗುತ್ತದೆ. ಮೊದಲ ಮಿಡಿತಕ್ಕೆ ಬಹುಪಾಲು ಎಳೆಗಳು ಏಳುತ್ತವೆ. ಎರಡನೆಯದಕ್ಕೆ ಕೆಲವು ಏಳುವುದಿಲ್ಲ, ಮೂರನೆಯದಕ್ಕೆ ಇನ್ನೂ ಕೆಲವು. ಬೆಳಗ್ಗೆ ಬಲ ಇದ್ದು ಸಂಜೆ ಇಲ್ಲದಿರುವುದು ಇದೇ ಕಾರಣಕ್ಕೆ.

1895ರಲ್ಲಿ ಬರ್ಲಿನ್‌ನ ವೈದ್ಯ ಫ್ರೆಡ್ರಿಕ್ ಯೋಲಿ, ಇಂಥ ರೋಗಿಗಳ ಸ್ನಾಯುವಿಗೆ ಮತ್ತೆ ಮತ್ತೆ ಕರೆಂಟು ಕೊಟ್ಟರೆ ಪ್ರತಿಕ್ರಿಯೆ ಕುಗ್ಗುತ್ತಾ ಹೋಗುತ್ತದೆ ಅಂತ ತೋರಿಸಿದರು. ಕಾಯಿಲೆಯ ಹೆಸರು ಅವರ ಬರಹದಿಂದಲೇ ಗಟ್ಟಿಯಾಯಿತು. 1934ರಲ್ಲಿ ಇಂಗ್ಲೆಂಡಿನ ಮೇರಿ ವಾಕರ್ ಎಂಬ ವೈದ್ಯೆ ಫೈಸೊಸ್ಟಿಗ್ಮಿನ್ ಎಂಬ ಔಷಧಿ ಕೊಟ್ಟು, ಬಿದ್ದ ರೆಪ್ಪೆ ಏಳುವುದನ್ನು ತೋರಿಸಿದರು. ರಿಸೆಪ್ಟರ್ ಮೇಲಿನ ದಾಳಿಯೇ ಮೂಲ ಅಂತ ಸ್ಪಷ್ಟವಾಗಿದ್ದು 1973ರ ಆಚೆಗೆ.

ಈಗ ಡಿಸೆಂಬರಿನ ವರದಿಗೆ ಬರೋಣ. ಅದರಲ್ಲಿ ನನಗೆ ಎರಡು ವಿಷಯ ಕಂಡವು. ಒಂದು, ಪರೀಕ್ಷಿಸಿದ್ದು ಅಂಗೈ ಸ್ನಾಯು ಮಾತ್ರ. ರೋಗಿಯೇ ಹೇಳಿದ ಹಾಗೆ ಅವರ ಬೆರಳು ಸೋಲುತ್ತಿರಲಿಲ್ಲ, ಭುಜ ಸೋಲುತ್ತಿತ್ತು. ಈ ಕಾಯಿಲೆ ಮುಖ, ಕುತ್ತಿಗೆ, ಭುಜದ ಸ್ನಾಯುಗಳಲ್ಲಿ ಸಿಕ್ಕಿಬೀಳುವಷ್ಟು ಸುಲಭವಾಗಿ ಅಂಗೈಯಲ್ಲಿ ಸಿಗುವುದಿಲ್ಲ. ಎರಡು, ಕೈಯ ಉಷ್ಣತೆ ಎಷ್ಟಿತ್ತು ಅಂತ ಬರೆದಿರಲಿಲ್ಲ. ಡಿಸೆಂಬರಿನ ಬೆಳಗ್ಗೆ, ಮಂಜಿನಲ್ಲಿ ಬಸ್ಸು ಹತ್ತಿ ಬಂದ ಕೈ ಅದು. ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ಚಳಿಗೆ ನಿಧಾನವಾಗುತ್ತದೆ. ಇದ್ದಷ್ಟು ರಾಸಾಯನಿಕ ಜಾಸ್ತಿ ಹೊತ್ತು ಉಳಿಯುತ್ತದೆ, ಇಳಿತ ಮುಚ್ಚಿಹೋಗುತ್ತದೆ. ಐಸ್ ಇಟ್ಟಾಗ ರೆಪ್ಪೆ ಎದ್ದದ್ದೂ ಇದೇ ರೀತಿಯ ಪರಿಣಾಮ. ನನ್ನ ಕೋಣೆಯಲ್ಲಿ ಕಾಯಿಲೆಯನ್ನು ತೋರಿಸಿಕೊಟ್ಟ ಚಳಿಯೇ ಅಲ್ಲಿ ಅದನ್ನು ಅಡಗಿಸಿರುವ ಸಾಧ್ಯತೆ ಇತ್ತು.

ಎರಡನೇ ಸಲ

ಹಾಸನದ ಒಬ್ಬ ನರರೋಗ ತಜ್ಞರಿಗೆ ಫೋನ್ ಮಾಡಿ, ಇನ್ನೂ ಔಷಧಿ ಶುರು ಮಾಡದೆ ಕಳಿಸಿದೆ. ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಕೈಯನ್ನು ಬಿಸಿನೀರಿನಲ್ಲಿ ಇಟ್ಟು ಚರ್ಮದ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್‌ಗೆ ತಂದರು. ಅಂಗೈ ಸ್ನಾಯುವಿನಲ್ಲಿ ಈ ಸಲ ಶೇಕಡಾ 11 ಇಳಿತ. ಗೆರೆ ದಾಟಿದೆ, ಅಷ್ಟೇ. ಆಮೇಲೆ ಕುತ್ತಿಗೆಯ ಪಕ್ಕದಲ್ಲಿ ನರಕ್ಕೆ ಮಿಡಿತ ಕೊಟ್ಟು ಭುಜದ ಟ್ರೆಪೀಜಿಯಸ್ ಸ್ನಾಯುವನ್ನು ನೋಡಿದರು. ಮೊದಲ ಅಲೆ ಒಳ್ಳೆಯ ಎತ್ತರ. ಎರಡನೆಯದು ಗಿಡ್ಡ, ಮೂರನೆಯದು ಇನ್ನೂ ಗಿಡ್ಡ, ನಾಲ್ಕನೆಯದರಲ್ಲಿ ಶೇಕಡಾ 29 ಇಳಿತ. ಐದನೆಯದರ ನಂತರ ಅಲ್ಲೇ ನಿಂತು, ಕೊನೆಗೆ ಕೊಂಚ ಏರಿತು. ಮತ್ತೊಮ್ಮೆ ಮಾಡಿದರು, ಅದೇ ಆಕಾರ. ಕೈ ಅಲುಗಿದ್ದರಿಂದ ಬಂದ ಇಳಿತಕ್ಕೆ ಇಂಥ ಅಚ್ಚುಕಟ್ಟು ಇರುವುದಿಲ್ಲ.

ಆಮೇಲೆ ಭುಜವನ್ನು ಹತ್ತು ಸೆಕೆಂಡು ಜೋರಾಗಿ ಮೇಲಕ್ಕೆತ್ತಿ ಹಿಡಿಯಲು ಹೇಳಿ ತಕ್ಷಣ ಪರೀಕ್ಷಿಸಿದಾಗ ಇಳಿತ 12ಕ್ಕೆ ಬಂತು. ಜೋರಾಗಿ ಹಿಡಿದಾಗ ನರ ಅತಿ ವೇಗವಾಗಿ ಮಿಡಿದು, ಅದರ ತುದಿಯಲ್ಲಿ ಕ್ಯಾಲ್ಸಿಯಂ ಶೇಖರವಾಗಿ, ಪೊಟ್ಟಣಗಳು ಜಾಸ್ತಿ ಒಡೆಯುತ್ತವೆ. ಆ ಸಹಾಯ ಸ್ವಲ್ಪ ಹೊತ್ತು ಮಾತ್ರ. ಮುಂದೆ ಒಂದು ನಿಮಿಷ ಪೂರ್ತಿ ಕೆಲಸ ಕೊಟ್ಟು ಮೂರು ನಿಮಿಷ ಬಿಟ್ಟು ನೋಡಿದಾಗ ಇಳಿತ ಶೇಕಡಾ 38. ಮಿಡಿತವನ್ನು ಸೆಕೆಂಡಿಗೆ ಎರಡು ಮೂರರ ನಿಧಾನದಲ್ಲೇ ಕೊಡುವುದೂ ಇದಕ್ಕೇ. ವೇಗ ಜಾಸ್ತಿಯಾದರೆ ಕ್ಯಾಲ್ಸಿಯಂ ಬಂದು ದೋಷವನ್ನು ಮುಚ್ಚುತ್ತದೆ. ಲ್ಯಾಂಬರ್ಟ್ ಈಟನ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಮೊದಲ ಅಲೆಯೇ ಗಿಡ್ಡವಾಗಿದ್ದು, ಶ್ರಮದ ನಂತರ ಎರಡು ಪಟ್ಟಿಗೂ ಮೇಲೆ ಏರಬಹುದು. ಇಲ್ಲಿ ಅದು ಇರಲಿಲ್ಲ.

ಗಂಡನನ್ನು ಒಳಗೆ ಕರೆದು ಪರದೆ ತೋರಿಸಿದೆವು. "ಇದ್ರಲ್ಲಿ ಅವಳೇ ಬೇಕಂತ ಕಮ್ಮಿ ಮಾಡೋಕೆ ಆಗುತ್ತಾ ಮೇಡಂ?" ಅಂತ ಕೇಳಿದರು. ಆಗುವುದಿಲ್ಲ. ಮಿಡಿತ ಕೊಡುವುದು ಮಿಷಿನ್ನು, ಉತ್ತರ ಕೊಡುವುದು ಸ್ನಾಯು. ನಡುವೆ ರೋಗಿಯ ಮನಸ್ಸಿಗೆ, ಇಷ್ಟಕ್ಕೆ, ಸೋಮಾರಿತನಕ್ಕೆ ಜಾಗವೇ ಇಲ್ಲ. ಈ ಪರೀಕ್ಷೆಯ ಬಗ್ಗೆ ನನಗೆ ಅತ್ಯಂತ ಗೌರವ ಇರುವುದು ಇದೇ ಕಾರಣಕ್ಕೆ. ತಿಂಗಳುಗಟ್ಟಲೆ ಮೈಗಳ್ಳಿ ಅನ್ನಿಸಿಕೊಂಡ ಹೆಂಗಸಿನ ಪರವಾಗಿ ಅವಳ ಭುಜವೇ ಸಾಕ್ಷಿ ಹೇಳಿತು. ಆ ವರದಿಯ ಒಂದು ಪ್ರತಿಯನ್ನು, ಕನ್ನಡದಲ್ಲಿ ನಾಲ್ಕು ಸಾಲು ವಿವರಣೆ ಬರೆದು, ಅವರು ಒಪ್ಪಿದ ಮೇಲೆ ತೋಟದ ಮಾಲೀಕರಿಗೆ ಕಳಿಸಿದೆ.

ಚಿಕಿತ್ಸೆ ಮತ್ತು ಈಗಿನ ಸ್ಥಿತಿ

ರಿಸೆಪ್ಟರ್ ಆಂಟಿಬಾಡಿ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಮೈಯೆಲ್ಲ ಹರಡಿದ ಮಯಸ್ತೇನಿಯಾದಲ್ಲಿ ನೂರಕ್ಕೆ ಸುಮಾರು 85 ಮಂದಿಯಲ್ಲಿ ಇದು ಸಿಗುತ್ತದೆ, ಕಣ್ಣಿಗೆ ಮಾತ್ರ ಬಂದವರಲ್ಲಿ ಅರ್ಧದಷ್ಟು ಮಂದಿಯಲ್ಲಿ. ಎದೆಯ ಸಿಟಿ ಸ್ಕ್ಯಾನಿನಲ್ಲಿ, ಎದೆಮೂಳೆಯ ಹಿಂದಿರುವ, ರಕ್ಷಣಾ ವ್ಯವಸ್ಥೆಗೆ ಸೇರಿದ ಥೈಮಸ್ ಗ್ರಂಥಿ ಸ್ವಲ್ಪ ದಪ್ಪಗಿತ್ತು, ಗೆಡ್ಡೆ ಇರಲಿಲ್ಲ.

ಪಿರಿಡೋಸ್ಟಿಗ್ಮಿನ್ 60 ಮಿ.ಗ್ರಾಂ. ದಿನಕ್ಕೆ ಮೂರು ಸಲ ಶುರುವಾಯಿತು. ಇದು ಆ ಒಡೆಯುವ ಕಿಣ್ವವನ್ನು ತಡೆದು ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ನುಂಗಿದ ಅರ್ಧ ಗಂಟೆಗೆ ಕೆಲಸ ಶುರು, ಮೂರ್ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಅಗಿಯಲು, ನುಂಗಲು ಸುಲಭ. ಮೊದಲ ವಾರ ಹೊಟ್ಟೆ ನುಲಿತ, ಭೇದಿ ಕಾಡಿತು. ಪ್ರಮಾಣ ಇಳಿಸಿ ನಿಧಾನ ಏರಿಸಿದೆವು. ಜಾಸ್ತಿ ತೆಗೆದುಕೊಂಡರೆ ಜಾಸ್ತಿ ಬಲ ಅಂತ ತಿಳಿಯಬಾರದು. ಮಿತಿ ಮೀರಿದರೆ ಇದೇ ಮಾತ್ರೆ ಸ್ನಾಯುವನ್ನು ಸೋಲಿಸುತ್ತದೆ. ಇದನ್ನು ಅತ್ತೆಗೂ ಕೂರಿಸಿ ಹೇಳಿದೆ, ಮಾತ್ರೆ ಕೊಡುವವರು ಅವರೇ ಆದ್ದರಿಂದ.

ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅನ್ನು ಕಡಿಮೆ ಪ್ರಮಾಣದಿಂದ ಶುರು ಮಾಡಿದರು. ಒಮ್ಮೆಗೇ ಜಾಸ್ತಿ ಕೊಟ್ಟರೆ ಮೊದಲ ಒಂದೆರಡು ವಾರ ಕಾಯಿಲೆ ಕೆರಳಬಹುದು. ಅದಕ್ಕೆ ಮೊದಲು ಕ್ಷಯ ಮತ್ತು ಸಕ್ಕರೆ ಪರೀಕ್ಷೆ ಆಯಿತು. ಜೊತೆಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್. ಅದರ ಫಲ ಕಾಣಲು ತಿಂಗಳುಗಳೇ ಬೇಕು.

ಕೈಗೆ ಒಂದು ಚೀಟಿ ಕೊಟ್ಟಿದ್ದೇನೆ. ಅಜಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್ ಜಾತಿಯವು, ಜೆಂಟಾಮೈಸಿನ್, ಬಿ.ಪಿ.ಗೆ ಕೊಡುವ ಪ್ರೊಪ್ರನೊಲೋಲ್ ಥರದವು, ಮೆಗ್ನೀಷಿಯಂ ಇಂಜೆಕ್ಷನ್, ಕ್ವಿನೈನ್, ಇವು ಈ ಕಾಯಿಲೆಯನ್ನು ಕೆರಳಿಸಬಲ್ಲವು ಅಂತ ಅದರಲ್ಲಿದೆ. ಜ್ವರದ ವಾರದಲ್ಲಿ ಮಾತು ಮೂಗಿಗೆ ಹೋದದ್ದರಲ್ಲಿ ಸೋಂಕಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಎರಡೂ ಸೇರಿರಬಹುದು. ನುಂಗುವಾಗ ಪದೇ ಪದೇ ಕೆಮ್ಮು ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ, ಒಂದು ಉಸಿರಿನ ಎಣಿಕೆ ಇಳಿದರೆ ಬೆಳಗಾಗುವ ತನಕ ಕಾಯದೆ ಹೊರಡಬೇಕು ಅಂತಲೂ ಬರೆದಿದೆ. ಎಣಿಕೆಯನ್ನು ದೊಡ್ಡ ಮಗಳು ದಿನಾ ರಾತ್ರಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ.

ಮಾಲೀಕರು ಏಣಿ ಕೆಲಸ ಬಿಡಿಸಿ ನರ್ಸರಿಗೆ ಹಾಕಿದ್ದಾರೆ. ಗಿಡದ ಚೀಲಕ್ಕೆ ಮಣ್ಣು ತುಂಬುವುದು, ನೆರಳಲ್ಲಿ ಕೂತು ಮಾಡುವ ಕೆಲಸ. ದಿನಗೂಲಿ ಲೆಕ್ಕ, ಕೆಜಿ ಲೆಕ್ಕ ಇಲ್ಲ. ಬಿಸಿಲು ಏರಿದ ದಿನ ಇನ್ನೂ ಸೋಲು ಜಾಸ್ತಿ ಇರುತ್ತದೆ. ಎರಡೆರಡು ಕಾಣುವುದು ನಿಂತಿದೆ. ಕಳೆದ ಭೇಟಿಯಲ್ಲಿ ತೋಳು ಇಪ್ಪತ್ತು ಸಲ ಎತ್ತಿದ ಮೇಲೂ ನನ್ನ ಒತ್ತಡವನ್ನು ತಡೆಯಿತು, ರೆಪ್ಪೆ ಒಂದು ನಿಮಿಷ ನಿಂತಿತು, ಎಣಿಕೆ 42.

ಥೈಮಸ್ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ನಡೆದಿದೆ. ಗೆಡ್ಡೆ ಇಲ್ಲದ, ಆಂಟಿಬಾಡಿ ಇರುವ ವಯಸ್ಕರಿಗೂ ಅದರಿಂದ ಅನುಕೂಲ ಇದೆ, ಸ್ಟಿರಾಯ್ಡ್ ಕಡಿಮೆ ಸಾಕಾಗುತ್ತದೆ ಅಂತ 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಬೆಂಗಳೂರಿಗೆ ಹೋಗಬೇಕು, ಮಕ್ಕಳ ಪರೀಕ್ಷೆ ಮುಗಿಯಲಿ ಅಂದಿದ್ದಾರೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ರಕ್ತದ ಕಣಗಳ ಎಣಿಕೆ ಮತ್ತು ಲಿವರ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತಿದೆ.